ಹಣೆಬರಹದಲ್ಲಿ ಇದ್ದದ್ದೇ ಆಗೋದಾದರೆ ಹೆಲ್ಮೆಟ್ ಯಾಕೆ ಹಾಕಬೇಕು?

ಪ್ರಶ್ನೆ: ಯಾರ ಆಯಸ್ಸು ಎಷ್ಟು ಅಂತ ದೇವರು ಮೊದಲೇ ಬರೆದಿರುತ್ತಾನೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬುತ್ತಾರೆ. ಹಾಗಿದ್ದರೆ ಹೆಲ್ಮೆಟ್, ಬಿಪಿ ಮಾತ್ರೆ, ಆಪರೇಷನ್ ಇವೆಲ್ಲ ಯಾಕೆ? ಇದನ್ನೆಲ್ಲ ಮಾಡಿದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗುವುದಿಲ್ಲವೇ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಒಮ್ಮೆ ಸೀಟ್ ಬೆಲ್ಟ್ ಹೆಸರಲ್ಲಿ, ಇನ್ನೊಮ್ಮೆ ಶುಗರ್ ಮಾತ್ರೆ ಹೆಸರಲ್ಲಿ. ಎಷ್ಟು ಸಲ ಕೇಳಿದರೂ ಉತ್ತರ ಒಂದೇ. ಹೆಲ್ಮೆಟ್ ಹಾಕಿ. ಮಾತ್ರೆ ತಗೊಳ್ಳಿ. ಅದರಿಂದ ನಿಮ್ಮ ನಂಬಿಕೆಗೆ ಏನೂ ಆಗುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಮಾತು ಬರುತ್ತದೆ: "ಎಲ್ಲ ಮೊದಲೇ ನಿಗದಿ, ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ನಮ್ಮ ಶಾಸ್ತ್ರವೇ ಹೇಳಿದೆಯಲ್ಲ?" ನನ್ನ ತಾಳ್ಮೆ ಕೆಡುವುದು ಇಲ್ಲಿ. ಯಾವ ಶಾಸ್ತ್ರ? ಎಲ್ಲಿ ಹೇಳಿದೆ? ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅದನ್ನು ಯಾರಿಂದಲೋ ಕೇಳಿರುತ್ತಾರೆ, ಓದಿರುವುದಿಲ್ಲ.

ನೀವು ಕೇಳಿದ ಪ್ರಶ್ನೆಯನ್ನೇ ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿ ಅಗ್ನಿವೇಶ ತನ್ನ ಗುರು ಆತ್ರೇಯನಿಗೆ ಕೇಳುತ್ತಾನೆ. ಊರಿಗೆ ಊರೇ ಹಾಳಾಗುವಂಥ ರೋಗಗಳ ಬಗ್ಗೆ ಇರುವ ಅಧ್ಯಾಯ ಅದು, ವಿಮಾನಸ್ಥಾನ ಎಂಬ ಭಾಗದ ಮೂರನೆಯದು. ಎಲ್ಲರ ಆಯಸ್ಸೂ ಮೊದಲೇ ನಿಗದಿಯಾಗಿರುತ್ತದಾ, ಇಲ್ಲವಾ? ಆತ್ರೇಯನ ಉತ್ತರ ನೇರವಾಗಿದೆ. ಎಲ್ಲರ ಆಯಸ್ಸೂ ನಿಗದಿಯಾಗಿದ್ದರೆ ಯಾರೂ ಔಷಧಿ ಮಾಡಬೇಕಿರಲಿಲ್ಲ. ಮಂತ್ರ, ಹೋಮ, ಉಪವಾಸವೂ ಬೇಕಿರಲಿಲ್ಲ. ಬೆದರಿದ ಹಸು, ಆನೆ, ಕುದುರೆ ಎದುರಿಗೆ ಬಂದರೆ ಪಕ್ಕಕ್ಕೆ ಸರಿಯಬೇಕಿರಲಿಲ್ಲ. ರಭಸದ ನೀರಿಗೆ ಹೆದರಬೇಕಿರಲಿಲ್ಲ. ಇದನ್ನು ಇನ್ನೊಂದು ಸಲ ಓದಿ. ವಿಧಿ ಎಂಬ ಕಾರಣಕ್ಕೆ ಔಷಧಿ ಬಿಡುವುದಾದರೆ ಪೂಜೆಯನ್ನೂ ಬಿಡಬೇಕಾಗುತ್ತದೆ. ಮಾತ್ರೆ ಬೇಡ ಎಂದು ಹರಕೆ ಮಾತ್ರ ಹೊರುವವರು ಈ ಮಾತಿಗೆ ಏನು ಹೇಳುತ್ತಾರೆ?

ಆತ್ರೇಯ ಅಷ್ಟಕ್ಕೇ ಬಿಡುವುದಿಲ್ಲ. ಗಾಡಿಯ ಅಚ್ಚಿನ ಉದಾಹರಣೆ ಕೊಡುತ್ತಾನೆ. ಒಳ್ಳೆಯ ಅಚ್ಚು ತನ್ನ ಕಾಲ ಪೂರ್ತಿ ಬಾಳಿ ಕೊನೆಗೆ ಸವೆಯುತ್ತದೆ. ಅದೇ ಅಚ್ಚು ಭಾರ ಜಾಸ್ತಿಯಾದರೆ, ದಾರಿ ಕೆಟ್ಟಿದ್ದರೆ, ಕಡಾಣಿ ಕಳಚಿದರೆ, ಕೀಲೆಣ್ಣೆ ಹಾಕದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ. ಎಲ್ಲ ಸಾವೂ ಕಾಲ ತುಂಬಿ ಬಂದ ಸಾವಲ್ಲ, ಅಕಾಲದ ಸಾವೂ ಇದೆ ಎನ್ನುವುದು ಅವನ ತೀರ್ಮಾನ. ದೈವ ಮತ್ತು ಪುರುಷಕಾರ, ಅಂದರೆ ಹಿಂದಿನ ಜನ್ಮದಲ್ಲಿ ಮಾಡಿದ್ದು ಮತ್ತು ಈಗ ಮಾಡುತ್ತಿರುವುದು, ಎರಡೂ ಸೇರಿ ಆಯಸ್ಸು ಎನ್ನುತ್ತಾನೆ. ದೈವ ದುರ್ಬಲವಾಗಿದ್ದರೆ ಪ್ರಯತ್ನ ಅದನ್ನು ಸೋಲಿಸುತ್ತದೆ. ಪ್ರಯತ್ನ ದುರ್ಬಲವಾಗಿದ್ದರೆ ದೈವ ಗೆಲ್ಲುತ್ತದೆ.

ಅದು ವೈದ್ಯರ ಪುಸ್ತಕ, ವೇದಾಂತ ಬೇರೆ ಅನ್ನುವವರೂ ಇದ್ದಾರೆ. ಸರಿ, ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರಕ್ಕೆ ಬನ್ನಿ. "ಕರ್ತಾ ಶಾಸ್ತ್ರಾರ್ಥವತ್ತ್ವಾತ್" ಅಂತ ಒಂದು ಸೂತ್ರ. ಜೀವನೇ ಮಾಡುವವನು, ಯಾಕೆಂದರೆ ಹಾಗಿಲ್ಲದಿದ್ದರೆ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ. ಇದು ಮಾಡು, ಅದು ಮಾಡಬೇಡ ಅಂತ ಹೇಳುವುದು ಆಯ್ಕೆ ಇರುವವನಿಗೆ ತಾನೇ? ಕಲ್ಲಿಗೆ ಯಾರೂ ಹಾಗೆ ಹೇಳುವುದಿಲ್ಲ. ಶಂಕರ, ರಾಮಾನುಜ, ಮಧ್ವ ಮೂವರೂ ಇದಕ್ಕೆ ಭಾಷ್ಯ ಬರೆದಿದ್ದಾರೆ. ಆ ಕರ್ತೃತ್ವ ಎಂಥದ್ದು, ಅದು ಎಷ್ಟರ ಮಟ್ಟಿಗೆ ದೇವರ ಅಧೀನ ಎಂಬ ಬಗ್ಗೆ ಅವರಲ್ಲಿ ದೊಡ್ಡ ಭಿನ್ನಾಭಿಪ್ರಾಯ ಇದೆ. ಆದರೆ ಕೈಕಟ್ಟಿ ಕೂರು ಅಂತ ಮೂವರಲ್ಲಿ ಯಾರೂ ಹೇಳಿಲ್ಲ.

ಗೀತೆಯ ಹದಿನೆಂಟನೇ ಅಧ್ಯಾಯವನ್ನೂ ಜನ ಎತ್ತುತ್ತಾರೆ. ಯಂತ್ರದ ಮೇಲೆ ಕೂರಿಸಿದ ಹಾಗೆ ಈಶ್ವರ ಎಲ್ಲರನ್ನೂ ತಿರುಗಿಸುತ್ತಾನೆ ಎನ್ನುವ ಶ್ಲೋಕ ಅಲ್ಲಿದೆ, ನಿಜ. ಅದು 61ನೆಯದು. ಎರಡೇ ಶ್ಲೋಕ ಮುಂದೆ, 63ರಲ್ಲಿ, ಕೃಷ್ಣ ಏನು ಹೇಳುತ್ತಾನೆ? ಎಲ್ಲ ಯೋಚಿಸಿ ನೋಡು, ಆಮೇಲೆ ನಿನಗೆ ಇಷ್ಟ ಬಂದಂತೆ ಮಾಡು. ಅದೇ ಅಧ್ಯಾಯದ 14ರಲ್ಲಿ ಒಂದು ಕೆಲಸ ಆಗುವುದಕ್ಕೆ ಐದು ಕಾರಣ ಹೇಳಿದೆ. ದೈವ ಅದರಲ್ಲಿ ಐದನೆಯದು. ಮಾಡುವವನು ಮತ್ತು ಅವನ ಪ್ರಯತ್ನ ಅದಕ್ಕಿಂತ ಮೊದಲೇ ಬರುತ್ತವೆ.

ಹಾಗಾದರೆ "ಎಲ್ಲವೂ ನಿಗದಿ" ಅಂತ ಯಾರೂ ಹೇಳಲೇ ಇಲ್ಲವಾ? ಹೇಳಿದ್ದಾರೆ. ಬುದ್ಧ, ಮಹಾವೀರರ ಕಾಲದ ಮಕ್ಖಲಿ ಗೋಸಾಲ ಮತ್ತು ಅವನ ಆಜೀವಿಕ ಪಂಥದವರು ಹೇಳಿದ್ದೇ ಅದು. ನಿಯತಿಯೇ ಎಲ್ಲ, ಪ್ರಯತ್ನ ಅನ್ನುವುದೇ ಇಲ್ಲ ಅಂತ. ಬುದ್ಧ ಅದನ್ನು ಕಟುವಾಗಿ ವಿರೋಧಿಸಿದ. ಮಹಾವೀರನೂ ವಿರೋಧಿಸಿದ. ಜೈನರ ಒಂದು ಆಗಮದಲ್ಲಿ, ಅಂದರೆ ಧರ್ಮಗ್ರಂಥದಲ್ಲಿ, ಸದ್ದಾಲಪುತ್ತ ಎಂಬ ಕುಂಬಾರನ ಕಥೆ ಬರುತ್ತದೆ. ಅವನು ಗೋಸಾಲನ ಶಿಷ್ಯ. ಈ ಮಡಕೆಗಳು ಪ್ರಯತ್ನದಿಂದ ಆದವಾ ಅಂತ ಮಹಾವೀರ ಕೇಳಿದರೆ, ಇಲ್ಲ, ಎಲ್ಲ ನಿಗದಿ ಅನ್ನುತ್ತಾನೆ. ಯಾರಾದರೂ ಬಂದು ನಿನ್ನ ಮಡಕೆ ಒಡೆದರೆ, ನಿನ್ನ ಹೆಂಡತಿಯ ಮೈಮೇಲೆ ಬಿದ್ದರೆ ಏನು ಮಾಡುತ್ತೀಯಾ? ಹಿಡಿದು ಹೊಡೆಯುತ್ತೇನೆ ಅನ್ನುತ್ತಾನೆ ಕುಂಬಾರ. ಎಲ್ಲ ನಿಗದಿಯಾಗಿದ್ದರೆ ಅವನದೇನು ತಪ್ಪು? ಈ ಒಂದು ಪ್ರಶ್ನೆಗೆ ಕುಂಬಾರನ ವಾದ ಮುಗಿಯುತ್ತದೆ. ಅಂದರೆ ನೀವು "ನಮ್ಮ ಧರ್ಮದ ಮಾತು" ಅಂದುಕೊಂಡಿರುವುದು ನಮ್ಮ ಹಿರಿಯರು ವಾದ ಮಾಡಿ ತಳ್ಳಿಹಾಕಿದ ಮಾತು.

ಪ್ರಾರಬ್ಧ ಕರ್ಮದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಪ್ರಾರಬ್ಧ, ಅಂದರೆ ಹಿಂದೆ ಮಾಡಿದ್ದರಲ್ಲಿ ಈಗ ಫಲ ಕೊಡುತ್ತಿರುವುದು, ಇದೆ. ಅದರ ಜೊತೆಗೆ ಆಗಾಮಿ ಕರ್ಮವೂ ಇದೆ, ಇವತ್ತು ನೀವು ಮಾಡಿದ್ದರಿಂದ ಮುಂದಕ್ಕೆ ಕೂಡುವಂಥದ್ದು. ನಿಮಗೆ ಆಯ್ಕೆಯೇ ಇಲ್ಲದಿದ್ದರೆ ಅದು ನಿಮ್ಮ ಲೆಕ್ಕಕ್ಕೆ ಯಾಕೆ ಬರಬೇಕು?

ಬೇರೆ ಧರ್ಮದ ಓದುಗರೂ ಇದನ್ನೇ ಕೇಳುತ್ತಾರೆ. ಖಲೀಫ ಉಮರ್ ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಇದೆ ಅಂತ ಗೊತ್ತಾಗಿ ದಾರಿಯಲ್ಲೇ ವಾಪಸ್ ತಿರುಗಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಅಂತ ಅವರ ಸೇನಾಪತಿ ಅಬೂ ಉಬೈದಾ ಕೇಳಿದರು. ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಹೋಗುತ್ತಿದ್ದೇನೆ ಅಂದರು ಉಮರ್. ಬೈಬಲ್‌ನಲ್ಲಿ ಸೈತಾನ ಏಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಗೆ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಅನ್ನುತ್ತಾನೆ. ದೇವರನ್ನು ಪರೀಕ್ಷಿಸಬಾರದು ಅಂತ ಏಸು ಒಪ್ಪುವುದಿಲ್ಲ. ಹೆಲ್ಮೆಟ್ ಇಲ್ಲದೆ ಹೈವೇಗೆ ಹೋಗುವುದೂ ಅಂಥದ್ದೇ ಪರೀಕ್ಷೆ.

ನಮ್ಮ ಜನ ಇದನ್ನು ಯಾರೂ ಹೇಳಿಕೊಡದೆ ಅರ್ಥ ಮಾಡಿಕೊಂಡಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪ್ಲೇಗಮ್ಮನಿಗೆ ಗುಡಿ ಕಟ್ಟಿದರು, ಪೂಜೆ ಮಾಡಿದರು. ಜೊತೆಗೆ ಇಕ್ಕಟ್ಟಿನ ಪೇಟೆ ಬಿಟ್ಟು ಹೊರಗೂ ಹೋದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಊರು ಬಿಟ್ಟರೆ ಅಮ್ಮನಿಗೆ ಸಿಟ್ಟು ಬರುತ್ತದೆ ಅಂತ ಎಲ್ಲರೂ ಕೂತಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಆಪರೇಷನ್ ವಿಷಯ ಸ್ವಲ್ಪ ಬೇರೆ. ಅಲ್ಲಿ ಮಾಡಿಸಿದರೂ ಅಪಾಯ ಇದೆ, ಬಿಟ್ಟರೂ ಇದೆ. ದೇವರಿಟ್ಟ ಹಾಗಾಗಲಿ ಅಂತ ಸುಮ್ನೆ ಕೂರುವುದೂ ನೀವೇ ತಗೊಂಡ ನಿರ್ಧಾರ. ಎರಡೂ ಕಡೆಯ ಅಪಾಯ ಎಷ್ಟು ಅಂತ ಡಾಕ್ಟರನ್ನು ಬಿಡಿಸಿ ಕೇಳಿ.

ನೀವು ಕೇಳಿಲ್ಲ, ಆದರೂ ಇಲ್ಲಿ ಪ್ರಸಾದ ಕೇಳುವ ವಿಷಯ ಹೇಳಲೇಬೇಕು. ಮಲೆನಾಡು, ಉತ್ತರ ಕನ್ನಡದ ಕಡೆಯವರಿಗೆ ಗೊತ್ತಿರುತ್ತದೆ. ದೇವರ ಮೂರ್ತಿಯ ಮೇಲಿಂದ ಬಲಗಡೆ ಹೂ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಹಾಗೆ ತಗೊಂಡ ನಿರ್ಧಾರ ಯಾರದು, ದೇವರದಾ ನಮ್ಮದಾ? ನನ್ನ ಪ್ರಕಾರ ನಮ್ಮದೇ. ಯಾವ ಪ್ರಶ್ನೆ ಕೇಳಬೇಕು ಅಂತ ನಿರ್ಧರಿಸುವವರು ನಾವು. ಬಂದ ಸಂಬಂಧಗಳಲ್ಲಿ ಮನೆಯವರಿಗೆ ಬೇಡವಾದದ್ದನ್ನೆಲ್ಲ ಬಿಟ್ಟು, ಉಳಿದದ್ದನ್ನು ಮಾತ್ರ ದೇವರ ಮುಂದೆ ಇಡುತ್ತೇವೆ. ಎಡಗಡೆ ಬಿದ್ದರೆ, ಇನ್ನೊಂದು ಸಲ ಕೇಳೋಣ ಅನ್ನುವವರೂ ನಾವೇ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಎರಡು ದಾರಿಯೂ ಹೆಚ್ಚುಕಮ್ಮಿ ಒಂದೇ ಆಗಿದ್ದು, ಮನೆಯಲ್ಲಿ ಜಗಳ ಹತ್ತಿದ್ದರೆ, ಒಂದು ಹೂವಿನಿಂದ ಎಲ್ಲರಿಗೂ ಸಮಾಧಾನ ಸಿಗುತ್ತದೆ. ಅದು ಸಣ್ಣ ವಿಷಯವಲ್ಲ. ಆದರೆ ಅಪೆಂಡಿಕ್ಸ್ ಒಡೆಯುವ ಹಂತದಲ್ಲಿ ಇರುವವರನ್ನು ಮನೆಯಲ್ಲಿ ಇಟ್ಟುಕೊಂಡು ಹೂ ಬೀಳಲಿ ಅಂತ ಕಾಯಬೇಡಿ. ಮೊದಲು ಅಡ್ಮಿಟ್ ಮಾಡಿ. ಆಮೇಲೆ ದೇವಸ್ಥಾನಕ್ಕೆ ಹೋಗಿ, ಬೇಗ ಗುಣವಾಗಲಿ ಅಂತ ಹರಕೆ ಹೇಳಿಕೊಳ್ಳಿ.