ಬೆಕ್ಕಿರುವ ಮನೆಯಲ್ಲಿ ಚಿಂಚಿಲ್ಲಾ: ಪಂಜರ ಗಟ್ಟಿಯಿದ್ದರೆ ಸಾಕೇ?

ಈ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಮ್ಮಲ್ಲಿ ಹೆಚ್ಚಿನವರು "ಗಟ್ಟಿ ಪಂಜರ ಬೇಕು" ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಅರ್ಧ ಅಂಕ ಸಿಗಬಹುದು. ಬೆಕ್ಕಿನ ಮೈಯನ್ನು ಸರಳು ತಡೆಯುತ್ತದೆ, ನೋಟವನ್ನು ತಡೆಯುವುದಿಲ್ಲ. ಬೆಕ್ಕಿನ ಮಲದಿಂದ ಬರುವ ಸೋಂಕಂತೂ ಚಿಂಚಿಲ್ಲಾ ತಿನ್ನುವ ಹುಲ್ಲಿನ ಜೊತೆ ತಾನಾಗಿಯೇ ಒಳಗೆ ಬರುತ್ತದೆ.

ಚಿಂಚಿಲ್ಲಾ ಚಿಲಿಯ ಆಂಡಿಸ್ ಕಲ್ಲುಬೆಟ್ಟಗಳ ದಂಶಕ (ಇಲಿ, ಅಳಿಲುಗಳ ಗುಂಪಿನ ಪ್ರಾಣಿ), ತೂಕ ಅರ್ಧ ಕಿಲೋ ಆಸುಪಾಸು. ತುಪ್ಪಳದ ಆಸೆಗೆ ಜನ ಅದನ್ನು ಕಾಡಿನಲ್ಲಿ ಅಳಿವಿನಂಚಿಗೆ ತಂದರು. ಈಗ ಸಾಕುವ ಚಿಂಚಿಲ್ಲಾಗಳಲ್ಲಿ ಬಹುಪಾಲು 1923ರಲ್ಲಿ ಗಣಿ ಎಂಜಿನಿಯರ್ ಮಥಾಯಸ್ ಚಾಪ್ಮನ್ ಅಮೆರಿಕಕ್ಕೆ ಒಯ್ದ ಹತ್ತು ಹನ್ನೆರಡು ಪ್ರಾಣಿಗಳ ಸಂತತಿ. ಬೆಟ್ಟದಲ್ಲಿ ಅದರ ಶತ್ರುಗಳು ನರಿ, ಗೂಬೆ. ಎದುರು ನಿಂತು ಕಾದಾಡುವ ಜೀವ ಅಲ್ಲ, ಓಡುವ ಜೀವ.

ಓಡುವಾಗ ಅದರ ಕೊನೆಯ ಉಪಾಯ ಕೂದಲು ಕಳಚುವುದು. ಹಲ್ಲಿ ಬಾಲ ಬಿಟ್ಟು ಓಡುವ ಹಾಗೆ, ಹಿಡಿದವರ ಬಾಯಲ್ಲಿ ಒಂದು ಹಿಡಿ ತುಪ್ಪಳ ಉಳಿಯುತ್ತದೆ. ಮೈಮೇಲೆ ನುಣ್ಣನೆಯ ಬೋಳು ಚರ್ಮ. ಮತ್ತೆ ತುಂಬಲು ತಿಂಗಳುಗಳೇ ಬೇಕು. ಪಂಜರದ ಬಳಿ ಬೂದುಬಣ್ಣದ ಎಳೆಗಳ ಗುಪ್ಪೆ ಬಿದ್ದಿದೆ, ರಕ್ತವಿಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಬೆಕ್ಕಿನ ಕೋರೆಹಲ್ಲು ಸೂಜಿ ಇದ್ದಂತೆ. ತೂತು ಮೇಲೆ ಮುಚ್ಚಿಕೊಳ್ಳುತ್ತದೆ, ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಒಳಗೆ ಕೀವು ಮಾಡುತ್ತಾ ಕೂರುತ್ತದೆ. ತುಪ್ಪಳ ದಟ್ಟವಾಗಿರುವುದರಿಂದ ಬೆರಳಲ್ಲಿ ಬಿಡಿಸಿ ಬಿಡಿಸಿ ಹುಡುಕಿದರೇ ಗಾಯ ಕಾಣುವುದು.

ಇಲ್ಲೇ ನಾವೆಲ್ಲ ಎಡವುವ ಜಾಗ. ಬೆಕ್ಕು ಕಚ್ಚಿದ ಮನುಷ್ಯನಿಗೆ ಸಾಮಾನ್ಯವಾಗಿ ಕೊಡುವ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಅದನ್ನೇ ಚಿಂಚಿಲ್ಲಾಗೆ ಬಾಯಿಂದ ಕೊಟ್ಟರೆ ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ, ಅದರ ವಿಷಕ್ಕೇ ಪ್ರಾಣಿ ಸಾಯಬಹುದು. ಗಾಯಕ್ಕಿಂತ ಮದ್ದೇ ಮೊದಲು ಕೊಂದೀತು. ಆದ್ದರಿಂದ ವೈದ್ಯರು ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾದಂಥ ಬೇರೆ ಆಂಟಿಬಯಾಟಿಕ್ ಆರಿಸುತ್ತಾರೆ. ಮನೆಯ ಔಷಧಿ ಡಬ್ಬಿಗೆ ಕೈ ಹಾಕಲೇಬಾರದು.

ಇನ್ನು ನೋಟದ ಮಾತು. ಬೆಕ್ಕು ಪಂಜರದ ಮೇಲೆ ಮಲಗಿದೆ, ಚಿಂಚಿಲ್ಲಾ ಕೆಳಗೆ ಅಲುಗದೆ ಕೂತಿದೆ. "ನೋಡಿ, ಎಷ್ಟು ಅನ್ಯೋನ್ಯ" ಎಂದು ಫೋಟೋ ಹಾಕುವವರಿದ್ದಾರೆ. ಅದು ಸ್ನೇಹವಲ್ಲ, ಹೆದರಿ ಮರಗಟ್ಟಿದ್ದು. ಹೆದರಿದ ಪ್ರಾಣಿ ಮೇಯುವುದಿಲ್ಲ. ಮೇಯದಿದ್ದರೆ ಕರುಳಿನ ಚಲನೆ ನಿಲ್ಲುತ್ತದೆ. ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಗೊತ್ತಾಗುವುದು ಹಿಕ್ಕೆಯಿಂದ. ಕುಚ್ಚಲಕ್ಕಿ ಕಾಳಿನ ಆಕಾರದ ಹಿಕ್ಕೆ ದಿನಕ್ಕೆ ನೂರಾರು ಬೀಳಬೇಕು. ಬೆಳಿಗ್ಗೆ ಗುಡಿಸುವಾಗ ಕಡಿಮೆಯಾಗಿದ್ದರೆ, ಸಣ್ಣದಾಗಿದ್ದರೆ, ಅವತ್ತೇ ವೈದ್ಯರಿಗೆ ತೋರಿಸಿ. ಪಂಜರದ ಮೇಲ್ಭಾಗ ಮುಚ್ಚಿರಲಿ, ಹಿಂಬದಿ ಗೋಡೆಗೆ ಒರಗಿರಲಿ, ಒಳಗೆ ಅಡಗಲು ಮರದ ಪೆಟ್ಟಿಗೆ ಇರಲಿ. ಬೆಕ್ಕಿನ ಕಾಲು ನುಸುಳದಷ್ಟು ಸಣ್ಣ ಜಾಲರಿ ಬೇಕು.

ಚಿಂಚಿಲ್ಲಾ ನುಣುಪು ಧೂಳಿನಲ್ಲಿ ಹೊರಳಿ ಸ್ನಾನ ಮಾಡುತ್ತದೆ. ಆ ಧೂಳಿನ ಬೋಗುಣಿ ಬೆಕ್ಕಿನ ಕಣ್ಣಿಗೆ ಶೌಚದ ಟ್ರೇ! ಚಿಂಚಿಲ್ಲಾ ಮೇಯುವ ಒಣ ಟಿಮೋಥಿ ಹುಲ್ಲಿನ ಚೀಲವಂತೂ ಅದಕ್ಕೆ ಮೆತ್ತನೆಯ ಹಾಸಿಗೆ. ಬೆಕ್ಕಿನ ಮಲದಿಂದ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹರಡುವುದರಿಂದ ಹುಲ್ಲು ಮುಚ್ಚಳವಿರುವ ಡ್ರಮ್ಮಿನಲ್ಲಿರಬೇಕು, ಸ್ನಾನ ಮುಗಿದ ಕೂಡಲೇ ಬೋಗುಣಿ ಎತ್ತಿಡಬೇಕು. ಹುಳುಕಡ್ಡಿ ಎರಡಕ್ಕೂ ತಗಲುತ್ತದೆ, ನಮಗೂ.

ಮುಸ್ಸಂಜೆಗೆ ಎರಡೂ ಎಚ್ಚರವಾಗುತ್ತವೆ, ಚಿಂಚಿಲ್ಲಾವನ್ನು ಆಡಲು ಬಿಡುವುದೂ ಆ ಹೊತ್ತಿಗೇ. ಸೋಫಾದಡಿ ಬಗ್ಗಿ ನೋಡಿ, ಬೆಕ್ಕು ಆಚೆ ಕೋಣೆಯಲ್ಲಿದೆ ಎಂದು ಖಾತ್ರಿಯಾದ ಮೇಲೆ ಪಂಜರ ತೆಗೆಯಿರಿ.

27 ಡಿಗ್ರಿ ದಾಟಿದರೆ ಚಿಂಚಿಲ್ಲಾಗೆ ಉಷ್ಣಾಘಾತದ ಭಯ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಅದನ್ನು ಸಲೀಸಾಗಿ ಮೀರುತ್ತದೆ, ಹಾಗಾಗಿ ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆ ಬೇಕೇ ಬೇಕು. ತೊಂದರೆ ಕರೆಂಟ್ ಹೋದಾಗ: ಗಾಳಿ ಬರಲೆಂದು ನಾವೇ ಎದ್ದು ಬಾಗಿಲು ತೆರೆಯುತ್ತೇವೆ. ಮೊದಲು ಬೆಕ್ಕನ್ನು ಬೇರೆ ಕೋಣೆಗೆ ಹಾಕಿ ಚಿಲಕ, ಆಮೇಲೆ ಬಾಗಿಲು.