ಮೂರು ನಿಮಿಷದ ಲೆಕ್ಕದಲ್ಲಿ ಮಳೆ ಇಲ್ಲ

ಅಂಕೋಲೆ ಬಳಿಯ ಅಲಗೇರಿಗೆ ಬರಲಿರುವ ವಿಮಾನ ನಿಲ್ದಾಣದ ಮಾತೆತ್ತಿದರೆ ಭೂಪರಿಹಾರ, ರನ್‌ವೇ ಉದ್ದ ಇವೇ ಮುಂದೆ ಬರುತ್ತವೆ. ಬೆಂಕಿ ಹತ್ತಿದ ವಿಮಾನದ ಬಳಿಗೆ ನೀರು ಎಷ್ಟು ಹೊತ್ತಿಗೆ ಮುಟ್ಟೀತು ಎಂದು ಕೇಳುವವರು ಕಡಿಮೆ. ಕರಾವಳಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪ್ರಕಾರ, ಮೊದಲ ಕರೆ ಬಂದು 3 ನಿಮಿಷ ಮೀರುವುದರೊಳಗೆ ಅಗ್ನಿಶಾಮಕ ವಾಹನ ಬಳಕೆಯಲ್ಲಿರುವ ರನ್‌ವೇಯ ಯಾವ ಜಾಗಕ್ಕಾದರೂ ತಲುಪಬೇಕು. 2 ನಿಮಿಷದಲ್ಲಿ ತಲುಪುವುದು ಗುರಿ. ಬಂದು ನಿಂತರೆ ಸಾಲದು, ನಿಗದಿತ ಹರಿವಿನ ಅರ್ಧದಷ್ಟಾದರೂ ವೇಗದಲ್ಲಿ ನೊರೆ ಹಾಯಿಸುವಂತಿರಬೇಕು. ವಿಮಾನದ ಉದ್ದ, ಅಗಲ ನೋಡಿ ಮಾಡಿದ ಅಗ್ನಿಶಾಮಕ ವರ್ಗಗಳಲ್ಲಿ ಎ320 ವಿಮಾನ 6ನೆಯದಕ್ಕೆ ಸೇರುತ್ತದೆ. ಅದಕ್ಕೆ ಎರಡು ವಾಹನ, ಬಿ ದರ್ಜೆಯ (ಬೆಂಕಿ ನಂದಿಸುವ ಸಾಮರ್ಥ್ಯದ ದರ್ಜೆ) ನೊರೆಗೆ 7,900 ಲೀಟರ್ ನೀರು, ನಿಮಿಷಕ್ಕೆ 4,000 ಲೀಟರ್ ಹರಿವು ಬೇಕು.

4,500 ಲೀಟರಿಗಿಂತ ಹೆಚ್ಚು ನೀರು ಹೊರುವ ವಾಹನ 40 ಸೆಕೆಂಡಿನಲ್ಲಿ 80 ಕಿ.ಮೀ. ವೇಗ ಮುಟ್ಟಬೇಕು. ಅಷ್ಟರಲ್ಲಿ ಸುಮಾರು 450 ಮೀಟರ್ ಸಾಗಿರುತ್ತದೆ. ಆಮೇಲೆ ಸೆಕೆಂಡಿಗೆ 22 ಮೀಟರ್. ರನ್‌ವೇ 2,700 ಮೀಟರ್ ಎಂದಿಟ್ಟುಕೊಳ್ಳಿ. ಅಗ್ನಿಶಾಮಕ ಠಾಣೆ ಒಂದು ತುದಿಯಲ್ಲಿದ್ದರೆ ಇನ್ನೊಂದಕ್ಕೆ 140 ಸೆಕೆಂಡು ದಾಟುತ್ತದೆ. ಸಿಬ್ಬಂದಿ ಸೂಟು ತೊಟ್ಟು ಹತ್ತಲು 40 ಸೆಕೆಂಡು ಹಿಡಿದರೆ 3 ನಿಮಿಷ ಮುಗಿದೇ ಹೋಯಿತು. ಅದೇ ಠಾಣೆ ನಡುವೆ ಇದ್ದರೆ 2 ನಿಮಿಷ ಸಾಕು.

2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. 158 ಮಂದಿ ಸತ್ತರು, 8 ಮಂದಿ ಉಳಿದರು. 3 ನಿಮಿಷದ ನಿಯಮ ರನ್‌ವೇಗೆ ಸೇರಿದ್ದು, ಬೇಲಿಯಾಚೆಯ ಇಳಿಜಾರಿಗಲ್ಲ. ರನ್‌ವೇ ತುದಿಯಿಂದ 1,000 ಮೀಟರ್‌ವರೆಗೆ, ಕನಿಷ್ಠ ಆವರಣದ ಗಡಿಯವರೆಗಾದರೂ ತುರ್ತು ರಸ್ತೆ ಇರಲಿ ಎಂಬ ಶಿಫಾರಸು ಇರುವುದು ಇದಕ್ಕೇ. ವೇಗ ಒಂದನ್ನೇ ನೆಚ್ಚಿದರೂ ಕಷ್ಟ. 2022ರ ನವೆಂಬರ್ 18ರಂದು ಪೆರುವಿನ ಲಿಮಾದಲ್ಲಿ ಇದೇ ನಿಮಿಷಗಳನ್ನು ಅಳೆಯುವ ತಾಲೀಮಿಗೆ ಹೊರಟ ವಾಹನಕ್ಕೆ ಟೇಕಾಫ್ ಓಟದಲ್ಲಿದ್ದ ವಿಮಾನ ಡಿಕ್ಕಿಯಾಗಿ ಅಗ್ನಿಶಾಮಕ ಸಿಬ್ಬಂದಿಯೇ ಸತ್ತರು. ತಾಲೀಮಾದರೂ ಸರಿ, ನಿಯಂತ್ರಣ ಟವರ್‌ನ ಅನುಮತಿಯಿಲ್ಲದೆ ರನ್‌ವೇ ಮುಟ್ಟಬಾರದು.

ಆ 3 ನಿಮಿಷ ಅಳೆಯುವುದು ಹಗಲಿನಲ್ಲಿ, ಮಳೆಯಿಲ್ಲದಾಗ, ನೀರು ನಿಲ್ಲದ ಹಾದಿಯಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ದಿನ ಎಷ್ಟು ಸಿಕ್ಕಾವು? ನೀರು ತುಂಬಿದ ವಾಹನ ನೆನೆದ ಕೆಂಪು ಮಣ್ಣಿಗಿಳಿದರೆ ಚಕ್ರ ಹೂತುಹೋಗುತ್ತದೆ. ತುರ್ತು ರಸ್ತೆ ಅತಿ ಭಾರದ ವಾಹನವನ್ನು ತಾಳಬೇಕು. ಆ ರಸ್ತೆಯ ಅಂಚು ಕಾಣದಲ್ಲಿ 10 ಮೀಟರಿಗೊಂದು ಗುರುತು ಬೇಕು. ಉಪ್ಪುಗಾಳಿಗೆ ಗೇಟಿನ ಬೀಗ, ಕೀಲು ತುಕ್ಕು ಹಿಡಿಯುತ್ತವೆ, ತೆರೆದು ನೋಡುತ್ತಲೇ ಇರಬೇಕು. ಜುಲೈ ಮಳೆಯಲ್ಲೂ ಒಮ್ಮೆ ಗಡಿಯಾರ ಹಿಡಿದು ಅಳೆಯಲೇಬೇಕು.

ಗಾಯಾಳುಗಳ ಹಾದಿ ಇನ್ನೊಂದು ಚಿಂತೆ. 2024ರ ಜುಲೈ 16ರಂದು ಅಂಕೋಲೆಯ ದಕ್ಷಿಣಕ್ಕಿರುವ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಹಾಗಾದರೆ ಉಳಿಯುವುದು ಕಾರವಾರ, ಇಲ್ಲವೇ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. ಯಾವ ಆಂಬ್ಯುಲೆನ್ಸ್ ಯಾವ ಕಡೆಗೆ ಎಂಬುದು ತುರ್ತು ಯೋಜನೆಯಲ್ಲಿ ಮೊದಲೇ ಬರೆದಿರಬೇಕು.