ಪ್ಲೇಟ್‌ಲೆಟ್ ಸರಿಯಿದೆ, ಆದರೂ ಮಗುವಿನ ಮೈಮೇಲೆ ನೀಲಿ ಕಲೆ ಏಕೆ?

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಎದೆ, ಬೆನ್ನಿನ ಮೇಲೆ ಆಗಾಗ ನೀಲಿ ಕಲೆ ಏಳುತ್ತದೆ. ಹೋದ ವಾರ ಬಿದ್ದು ತುಟಿ ಒಡೆದಾಗ ರಾತ್ರಿಯಿಡೀ ರಕ್ತ ಒಸರಿತು. ಅತ್ತೆ ಉಷ್ಣ ಎನ್ನುತ್ತಾರೆ. ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಇದೆ. ಇಷ್ಟಕ್ಕೆ ಬಿಡಬಹುದೇ?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಬಿಡಬೇಡಿ ತಾಯಿ. ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ.

ಓಡಾಡುವ ಮಕ್ಕಳಿಗೆ ಮೊಣಕಾಲು, ಹಣೆಯ ಮೇಲೆ ಕಲೆ ಸಹಜ. ಎದೆ, ಬೆನ್ನು, ಕಿವಿ, ಕುತ್ತಿಗೆ ಹಾಗಲ್ಲ. ಇನ್ನೂ ಮಗುಚಿಕೊಳ್ಳದ ಕೂಸಿನಲ್ಲಂತೂ ಒಂದೇ ಕಲೆ ಕಂಡರೂ ತೋರಿಸಬೇಕು. ಯಾರಾದರೂ ಹೊಡೆದರೇ ಎಂದು ವೈದ್ಯರು ಕೇಳಿದರೆ ನೊಂದುಕೊಳ್ಳಬೇಡಿ, ಮಗುವಿನ ಸಲುವಾಗಿ ಅವರು ಅದನ್ನು ಕೇಳಲೇಬೇಕು.

ಡೆಂಗಿಯಿಂದಾಗಿ ಪ್ಲೇಟ್‌ಲೆಟ್ ಲೆಕ್ಕ ಮನೆಮಾತಾಗಿದೆ. ಆದರೆ ಅದು ಅರ್ಧ ಕೆಲಸ ಮಾತ್ರ. ಪ್ಲೇಟ್‌ಲೆಟ್ ಗಾಯದ ಬಾಯಿಗೆ ಅಡ್ಡ ನಿಲ್ಲುತ್ತದೆ, ರಕ್ತದಲ್ಲಿರುವ ಫ್ಯಾಕ್ಟರ್‌ಗಳೆಂಬ ಪ್ರೋಟೀನ್‌ಗಳು ಅದನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತವೆ. ರಕ್ತ ಬೇಗ ನಿಲ್ಲದ ಹಿಮೋಫಿಲಿಯಾ ಕಾಯಿಲೆಯಲ್ಲಿ 8ನೇ ಅಥವಾ 9ನೇ ಫ್ಯಾಕ್ಟರ್ ಕಡಿಮೆ, ಪ್ಲೇಟ್‌ಲೆಟ್ ಮಾತ್ರ ಸರಿಯಾಗಿಯೇ ಇರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪಿ.ಟಿ., ಎ.ಪಿ.ಟಿ.ಟಿ. ಪರೀಕ್ಷೆ ಬೇಕು. ಕೆಲವು ಕಾಯಿಲೆಗಳಲ್ಲಿ, ಮುಖ್ಯವಾಗಿ ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ರಕ್ತಸ್ರಾವದ ಕಾಯಿಲೆಯಲ್ಲಿ, ಇವೂ ಸರಿಯೆಂದೇ ಬರಬಹುದು. ಆಗ ಮುಂದಿನ ಪರೀಕ್ಷೆಗೆ ಹೋಗಬೇಕು.

ಅದಕ್ಕೂ ಮೊದಲು ತವರಿಗೆ ಫೋನ್ ಮಾಡಿ. ನಿಮ್ಮ ಅಣ್ಣತಮ್ಮಂದಿರಲ್ಲಿ, ಸೋದರಮಾವಂದಿರಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದ ಮೇಲೆ ದಿನಗಟ್ಟಲೆ ರಕ್ತ ಹೋಗಿತ್ತೇ, ಮೊಣಕಾಲು ಪದೇ ಪದೇ ಊದುತ್ತಿತ್ತೇ ಎಂದು ಕೇಳಿ. ಹಿಮೋಫಿಲಿಯಾ ಹೆಚ್ಚಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಇದು ನಿಮ್ಮ ತಪ್ಪಲ್ಲ, ಅತ್ತೆಯವರಿಗೂ ಈ ಸಾಲನ್ನು ಓದಿ ಹೇಳಿ. ಈ ಕಾಯಿಲೆಯಿರುವ ಸುಮಾರು ಮೂರು ಮಕ್ಕಳಲ್ಲಿ ಒಂದು ಮಗುವಿನ ಮನೆತನದಲ್ಲಿ ಯಾರಿಗೂ ಇರುವುದಿಲ್ಲ.

ಕಲೆಗಳ, ರಕ್ತ ಅಂಟಿದ ದಿಂಬಿನ ಫೋಟೊ ತೆಗೆದಿಟ್ಟುಕೊಳ್ಳಿ. ರಕ್ತ ಕೊಡುವಾಗ ನೀಲಿ ಮುಚ್ಚಳದ ಕೊಳವೆ ಗೆರೆಯವರೆಗೆ ತುಂಬಿದೆಯೇ ನೋಡಿ, ಕಡಿಮೆಯಾದರೆ ವರದಿ ತಪ್ಪಾಗುತ್ತದೆ. ವರದಿ ಬರುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಲಸಿಕೆ ಇದ್ದರೆ ನರ್ಸ್‌ಗೆ ವಿಷಯ ತಿಳಿಸಿ.

ತಲೆಗೆ ಪೆಟ್ಟು ಬಿದ್ದರೆ, ಮಗು ಬಿಳಿಚಿಕೊಂಡರೆ, ಜ್ವರದ ಜೊತೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆ ಎದ್ದು ಒತ್ತಿದರೂ ಮಾಸದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಹಿಮೋಫಿಲಿಯಾ ಎಂದೇ ಗೊತ್ತಾದರೂ ದಾರಿ ದೂರವಿಲ್ಲ. ಈ ಕಾಯಿಲೆಯವರಿಗೆ ನೆರವಾಗುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲಿಯೇ.